ಹಾರ್ಡಿ ಯುನೀಕ್ವಾ: ಅಟ್ಟದಲ್ಲಿ ಸಿಕ್ಕ ಹಳೇ ಫ್ಲೈ ರೀಲಿನ ದುರಸ್ತಿ

ಮೇಜಿನ ಮೇಲಿರುವುದು ಹಾರ್ಡಿ ಕಂಪನಿಯ ಯುನೀಕ್ವಾ. ಅಡ್ಡಳತೆ 3⅛ ಇಂಚು. ಫ್ಲೈ ಫಿಶಿಂಗಿಗೆ ಬಳಸುವ ರೀಲು. ಸಿಕ್ಕಿದ್ದು ಚಿಕ್ಕಮಗಳೂರು ತಾಲೂಕಿನ ಆಲ್ದೂರು ಕಡೆಯ ಒಂದು ಕಾಫಿ ತೋಟದ ಬಂಗಲೆಯಲ್ಲಿ. ಹಂಚು ಬದಲಿಸಲು ಅಟ್ಟ ಖಾಲಿ ಮಾಡುವಾಗ ತಗಡಿನ ಪೆಟ್ಟಿಗೆಯೊಂದು ಕೆಳಗೆ ಬಂತಂತೆ. ಆ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ರಿಪೇರಿಗೆ ವರ್ಷಾ ವರ್ಷ ಹೋಗುವವನು ನಾನು. ಹಳೇ ರೀಲುಗಳೆಂದರೆ ನನಗೆ ಪ್ರಾಣ ಅನ್ನುವುದು ಅಲ್ಲಿ ಲೆಕ್ಕ ಬರೆಯುವ ರೈಟರಿಗೆ ಗೊತ್ತು. "ಅಣ್ಣ, ನೀವು ಇಟ್ಕೊಂಡಿರೋ ಥರದ್ದೇ ಒಂದು ಚಕ್ರ ಸಿಕ್ಕಿದೆ. ತಿರುಗಲ್ಲ. ಗುಜರಿಗೆ ಹೋಗೋ ಮುಂಚೆ ಬಂದು ನೋಡಿ" ಅಂತ ಫೋನ್ ಮಾಡಿದರು.

ಮಾಲೀಕರಾದ ಗೌಡ್ರು ಕೇಳಿದ್ದು ಒಂದೇ ಮಾತು. "ಪಳಪಳ ಅನ್ನೋ ಹಾಗೆ ಮಾಡ್ಕೊಡಿ, ಮನೆ ಹಾಲ್‌ನಲ್ಲಿ ಇಡೋಣ."

"ತಿರುಗೋ ಹಾಗೆ ಮಾಡ್ತೀನಿ ಗೌಡ್ರೇ, ದನಿ ಬರೋ ಹಾಗೂ ಮಾಡ್ತೀನಿ. ಆದ್ರೆ ಮೈ ಉಜ್ಜಿ ಹೊಳಪು ತರೋ ಬಫ್ ಮಾತ್ರ ಹೊಡೆಯಲ್ಲ" ಅಂದೆ. ಅವರಿಗೆ ಅಷ್ಟು ಸಮಾಧಾನ ಆಗಲಿಲ್ಲ. ಆದರೂ ಕೊಟ್ಟು ಕಳಿಸಿದರು.

ಫ್ಲೈ ರೀಲು ನೋಡದವರಿಗೆ ಎರಡು ಮಾತು. ನಮ್ಮ ಹೊಳೆಗಳಲ್ಲಿ ಗಾಳ ಹಾಕುವಾಗ ದಾರಕ್ಕೆ ಸೀಸದ ಗುಂಡು ಕಟ್ಟುತ್ತೇವೆ. ಗುಂಡು ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಫಿಶಿಂಗಿನಲ್ಲಿ ದಾರದ ತುದಿಗೆ ಇರುವುದು ಪುಕ್ಕ, ಕೂದಲು, ನೂಲು ಸುತ್ತಿದ ಪುಟ್ಟ ಗಾಳ. ನೀರಿಗೆ ಬಿದ್ದರೆ ಹುಳು ಅನ್ನಿಸಬೇಕು. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ಕೋಲು ಬೀಸಿದಾಗ ಹಾರುವುದು ದಾರ. ರೀಲಿಗೆ ಎಸೆಯುವ ಕೆಲಸ ಇಲ್ಲ. ದಾರ ಸುತ್ತಿ ಇಟ್ಟುಕೊಳ್ಳಬೇಕು, ಮೀನು ಎಳೆದಾಗ ಒಂದಿಷ್ಟು ತಡೆಯಬೇಕು, ದಾರ ಸುತ್ತುವ ಸ್ಪೂಲು ಜಾಸ್ತಿ ತಿರುಗಿ ದಾರ ಗೋಜಲಾಗದಂತೆ ನೋಡಿಕೊಳ್ಳಬೇಕು. ಹಿಡಿ ಒಂದು ಸುತ್ತು ತಿರುಗಿಸಿದರೆ ಸ್ಪೂಲೂ ಒಂದೇ ಸುತ್ತು. ನಡುವೆ ಬೇರೆ ಗಿಯರು ಇಲ್ಲ. ಇಷ್ಟು ಸರಳವಾದ್ದರಿಂದ ಮಾಡಿದವನ ಕೈಕೆಲಸ ಎಲ್ಲೂ ಮರೆಯಾಗುವುದಿಲ್ಲ. ಫ್ರೇಮಿಗೂ ಸ್ಪೂಲಿನ ಅಂಚಿಗೂ ನಡುವೆ ಒಂದು ಕಾಗದ ತೂರುವಷ್ಟು ಜಾಗ ಸುತ್ತಲೂ ಒಂದೇ ಸಮ ಇದೆಯಾ, ದಾರ ಎಳೆದಾಗ ಬರುವ ದನಿ ಒಡೆಯದೆ ಬರುತ್ತದಾ, ಇವೆರಡರಲ್ಲೇ ಗೊತ್ತಾಗಿಬಿಡುತ್ತದೆ.

ಹಾರ್ಡಿ ಶುರುವಾಗಿದ್ದು 1872ರಲ್ಲಿ, ಇಂಗ್ಲೆಂಡಿನ ಉತ್ತರ ತುದಿಯ ನಾರ್ತಂಬರ್ಲೆಂಡಿನ ಆನಿಕ್ ಅನ್ನುವ ಊರಿನಲ್ಲಿ. ವಿಲಿಯಂ ಹಾರ್ಡಿ ಬಂದೂಕಿನ ಕೆಲಸದವರು. ಅವರ ತಮ್ಮ ಜಾನ್ ಜೇಮ್ಸ್ ಆಮೇಲೆ ಜೊತೆಗೂಡಿದರು. 1890ರ ದಶಕದಲ್ಲಿ ಅವರ ಪರ್ಫೆಕ್ಟ್ ರೀಲು ಬಂತು. ಒಳಗೆ ಬಾಲ್ ಬೇರಿಂಗು. ಆ ಕಾಲಕ್ಕೆ ಅದು ದೊಡ್ಡ ವಿಷಯ. ಇವತ್ತಿಗೂ ಸಂಗ್ರಹಕಾರರು ಮೊದಲು ಹುಡುಕುವುದು ಪರ್ಫೆಕ್ಟನ್ನೇ. ದಾರ ಸವೆಯದಿರಲಿ ಅಂತ ಅಗೇಟ್ ಕಲ್ಲಿನ ಬಳೆ ಕೂರಿಸಿದ ಸೇಂಟ್ ಜಾರ್ಜ್ 1911ರದ್ದು. ಯುನೀಕ್ವಾದಲ್ಲಿ ಬೇರಿಂಗೂ ಇಲ್ಲ, ಕಲ್ಲೂ ಇಲ್ಲ. ಫ್ರೇಮಿನ ನಡುವೆ ನಿಂತ ಒಂದು ಕಡ್ಡಿ, ಅದರ ಮೇಲೆ ತಿರುಗುವ ಸ್ಪೂಲು, ಹಿಂದೆ ಅದನ್ನು ತಡೆಯುವ ಚೆಕ್ ಒಂದು, ಮುಗಿಯಿತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಿಂದ 1950ರ ದಶಕದವರೆಗೂ ಇದನ್ನು ಮಾಡಿದರು. ದುಡ್ಡಿನ ಲೆಕ್ಕದಲ್ಲಿ ಪರ್ಫೆಕ್ಟ್ ಮೇಲೆ. ನನ್ನ ಮೆಚ್ಚಿಗೆ ಮಾತ್ರ ಯುನೀಕ್ವಾಗೆ. ಕಡಿಮೆ ಭಾಗಗಳಲ್ಲಿ ಕೆಲಸ ಮುಗಿಸುವುದು ಜಾಸ್ತಿ ಕಷ್ಟ ಅಂತ ಕಬ್ಬಿಣದ ಕೆಲಸ ಮಾಡುವವರಿಗೆಲ್ಲ ಗೊತ್ತಲ್ವಾ.

ಈ ರೀಲಿನ ನಡುವೆ ಸ್ಪೂಲನ್ನು ಹಿಡಿಯುವ ಲ್ಯಾಚ್ ಕುದುರೆ ಲಾಳದ ಆಕಾರದ್ದು. ಹಳೆಯ ಯುನೀಕ್ವಾಗಳಿಗೆ ಇರುವುದು ಇದೇ. ಆಮೇಲಿನವಕ್ಕೆ ಟೆಲಿಫೋನ್ ಲ್ಯಾಚ್ ಅನ್ನುವ ಬೇರೆ ಬಗೆ ಬಂತು. ಅಲ್ಯುಮಿನಿಯಂ ಮಿಶ್ರಲೋಹದ ಮೈ, ರೀಲನ್ನು ಕೋಲಿಗೆ ಕೂರಿಸಲು ಹಿತ್ತಾಳೆಯ ಪಾದ. ಮೈ ಮೇಲೆ ಕಪ್ಪು ಬೂದಿ ಬಣ್ಣದ ಲೆಡ್ ಫಿನಿಶ್. ಬೆರಳು ತಾಗುವ ಅಂಚುಗಳಲ್ಲಿ ಅದು ಸವೆದು ಬೆಳ್ಳಿ ಬಣ್ಣ ಇಣುಕುತ್ತದೆ. ಆ ಸವೆತ ಎಲ್ಲಿದೆ ನೋಡಿದರೆ ಹಿಂದಿನವರು ರೀಲನ್ನು ಹೇಗೆ ಹಿಡಿಯುತ್ತಿದ್ದರು ಅಂತ ಗೊತ್ತಾಗುತ್ತದೆ. ಇದರ ಕೆಳಗಿನ ಅಂಚು ಒಂದು ಕಡೆ ಜಾಸ್ತಿ ಸವೆದಿದೆ. ಹಿಡಿದಾಗ ಅಂಗೈ ತಾಗುತ್ತಿದ್ದ ಜಾಗ ಅದು. ಬಫ್ ಹೊಡೆದರೆ ಮೊದಲು ಹೋಗುವುದೇ ಈ ಗುರುತು. ಲೆಡ್ ಫಿನಿಶ್ ಹೋದರೆ ಮನೆಯಲ್ಲಿ ಕೂತು ವಾಪಸ್ ತರಲು ಆಗುವುದಿಲ್ಲ. ನಾನು ಬಫ್ ಒಲ್ಲೆ ಅಂದಿದ್ದು ಇದಕ್ಕೆ.

ಇಷ್ಟು ಸಣ್ಣ ರೀಲು ಟ್ರೌಟ್ ಮೀನಿಗೆ ಅಂತಲೇ ಮಾಡಿದ್ದು. ನಮ್ಮ ಹೊಳೆಗಳ ದೊಡ್ಡ ಮೀನು ಮಹಶೀರ್. ಕಾವೇರಿ ಕಡೆಯವರು ಬಿಳಿಮೀನು ಅನ್ನುತ್ತಾರೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂಥ ಮೀನಿಗೆ ಈ ರೀಲು ಏನೇನೂ ಸಾಲದು. ನೀಲಗಿರಿಯ ಹೊಳೆಗಳಿಗೆ ಬ್ರಿಟಿಷರು ಟ್ರೌಟ್ ಬಿಟ್ಟಿದ್ದರು. ರಜೆಗೆ ಅಲ್ಲಿಗೆ ಹೋಗುವ ಪ್ಲಾಂಟರು ಇಟ್ಟುಕೊಂಡಿದ್ದಿರಬಹುದು, ಇಲ್ಲಿನ ಹಳ್ಳಗಳ ಸಣ್ಣ ಮೀನಿಗೂ ಬಳಸಿರಬಹುದು. ಇವತ್ತು ಶೃಂಗೇರಿಯ ತುಂಗೆಯಲ್ಲಿ, ಹಾಸನ ಜಿಲ್ಲೆ ರಾಮನಾಥಪುರದ ಕಾವೇರಿಯಲ್ಲಿ ದೇವಸ್ಥಾನದ ಮೆಟ್ಟಿಲ ಬಳಿ ಈಜಾಡುವ ಮೀನುಗಳಿಗೆ ಮಂಡಕ್ಕಿ ಹಾಕುವುದೇ ಚೆಂದ. ಅಲ್ಲಿ ಗಾಳ ಹಾಕುವ ಹಾಗೂ ಇಲ್ಲ. ಕಾವೇರಿಯ ಗೂನು ಬೆನ್ನಿನ ಮಹಶೀರ್ ಅಳಿವಿನ ಅಂಚಿಗೆ ಬಂದು ನಿಂತಿದೆ. ಅದನ್ನು ಉಳಿಸಬೇಕು, ಹಿಡಿಯಬಾರದು. ನನ್ನ ರೀಲುಗಳೆಲ್ಲ ಕೆಲಸ ಮಾಡುವ ಸ್ಥಿತಿಯಲ್ಲಿವೆ, ಆದರೆ ದಾರ ಹಾರಿಸುವುದು ಅಂಗಳದ ಹುಲ್ಲಿನ ಮೇಲೆ.

ಈಗ ಕೆಲಸಕ್ಕೆ ಬರೋಣ.

ಬಂದಾಗಿನ ಸ್ಥಿತಿ ಹೀಗಿತ್ತು. ಸ್ಪೂಲು ಅಲ್ಲಾಡುತ್ತಿರಲಿಲ್ಲ. ಹಿಡಿಯಲ್ಲಿ ಕೂದಲೆಳೆಯಷ್ಟು ಬಿರುಕು. ಅಂಚು ಒಂದು ಕಡೆ ಒಳಕ್ಕೆ ಬಾಗಿತ್ತು, ಎಲ್ಲೋ ಕಲ್ಲಿನ ಮೇಲೆ ಬಿದ್ದಿರಬೇಕು. ಪಾದದ ಸುತ್ತ ಬಿಳಿ ಪುಡಿ, ಅದರ ಮೇಲೆ ಹಸಿರು ಕಿಲುಬು. ಸ್ಪೂಲಿನ ತುಂಬ ಕಂದು ಬಣ್ಣದ ಹಳೇ ದಾರ.

ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದೆ. ಆಮೇಲೆ ದಾರ. ಅದು ರೇಷ್ಮೆ ಹೆಣೆದು ಅಗಸೆ ಎಣ್ಣೆ ಕುಡಿಸಿದ ದಾರ. ಪ್ಲಾಸ್ಟಿಕ್ ಮೈಯ ದಾರಗಳು ಬರುವ ಮುಂಚೆ ಎಲ್ಲರೂ ಬಳಸುತ್ತಿದ್ದದ್ದು ಇದನ್ನೇ. ಪ್ರತಿ ಸಲ ಹೊಳೆಯಿಂದ ಬಂದ ಮೇಲೆ ರೀಲಿನಿಂದ ಬಿಚ್ಚಿ ನೆರಳಲ್ಲಿ ಒಣಗಿಸಬೇಕಿತ್ತು. ಒಣಗಿಸದೆ ಬಿಟ್ಟರೆ ಕೊಳೆಯುತ್ತದೆ, ಎಣ್ಣೆ ಜಿಗುಟಾಗುತ್ತದೆ. ಇಲ್ಲಿ ಎರಡೂ ಆಗಿತ್ತು. ಎಳೆದರೆ ತುಂಡು ತುಂಡಾಗಿ ಬಂತು. ಬ್ಲೇಡಿನಿಂದ ಕೊಯ್ದರೆ ಸ್ಪೂಲಿಗೆ ಗೀರು ಬೀಳುತ್ತದೆ, ಅದಕ್ಕೇ ಬಿದಿರಿನ ಕಡ್ಡಿಯಿಂದ ಎಬ್ಬಿಸುತ್ತಾ ಹೋದೆ. ಅಡಿಯಲ್ಲಿ ಅಲ್ಯುಮಿನಿಯಂ ಬಿಳಿಯಾಗಿ ಹುಣ್ಣಾಗಿತ್ತು. ಸದ್ಯ, ಆಳಕ್ಕೆ ಇಳಿದಿರಲಿಲ್ಲ. ದಾರದ ಒಂದು ಚೆನ್ನಾಗಿರುವ ತುಂಡನ್ನು ಕವರಿನಲ್ಲಿ ಹಾಕಿಟ್ಟೆ. ಅದೂ ರೀಲಿನ ಭಾಗವೇ.

ಲ್ಯಾಚ್ ಒತ್ತಿದರೆ ಸ್ಪೂಲು ಈಚೆ ಬರಬೇಕು. ಬರಲಿಲ್ಲ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟೆ, ಹಿಡಿಯ ಭಾಗ ಮಾತ್ರ ಮೇಲೆ ಇರುವ ಹಾಗೆ. ಮೀಟುವುದು, ಬಡಿಯುವುದು ಮಾಡಲೇಬಾರದು. ನಡುವಿನ ಕಡ್ಡಿ ಒಂದಿಷ್ಟು ಬಾಗಿದರೂ ರೀಲಿನ ಕತೆ ಅಲ್ಲಿಗೆ ಮುಗಿಯಿತು. ಎರಡು ಸಲ ಸೀಮೆಎಣ್ಣೆ ಬದಲಾಯಿಸಿದ ಮೇಲೆ ಸ್ಪೂಲು ತಾನಾಗಿ ಸಡಿಲ ಕೊಟ್ಟಿತು.

ಕಡ್ಡಿಯ ಮೇಲೆ ಏನಿತ್ತು ಗೊತ್ತಾ? ಕೊಬ್ಬರಿ ಎಣ್ಣೆ. ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಮೂಸಿದರೆ ಕಮಟು. ಯಾರೋ ಮನೆಯಲ್ಲಿದ್ದ ಎಣ್ಣೆಯನ್ನೇ ಬಿಟ್ಟಿದ್ದಾರೆ. ಮಲೆನಾಡಿನಲ್ಲಿ ಇದನ್ನು ಎಲ್ಲ ಕಡೆ ನೋಡುತ್ತೇನೆ, ಬೀಗಕ್ಕೂ ಅದೇ, ಹೊಲಿಗೆ ಮಷಿನ್ನಿಗೂ ಅದೇ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಡಿಸೆಂಬರ್ ಬೆಳಗ್ಗೆ ಅದು ಎಣ್ಣೆಯೇ ಅಲ್ಲ. ಹಳೆಯದಾದರೆ ಹುಳಿಯಾಗಿ ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ. ಯಂತ್ರಕ್ಕೆ ಯಂತ್ರದ ಎಣ್ಣೆಯನ್ನೇ ಬಿಡಿ.

ತೊಳೆದಿದ್ದು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ. ಬೇರೇನೂ ಬೇಡ. ಹಿತ್ತಾಳೆ ಅಂದಕೂಡಲೇ ನಮ್ಮವರ ಕೈ ಹುಣಸೆಹಣ್ಣಿನ ಡಬ್ಬಿಗೆ ಹೋಗುತ್ತದೆ. ದೇವರ ದೀಪಕ್ಕೆ ಅದು ಸರಿ, ಇಲ್ಲಿ ದಯವಿಟ್ಟು ಬೇಡ. ಹುಳಿ ತಾಗಿದರೆ ಲೆಡ್ ಫಿನಿಶ್ ಎದ್ದು ಹೋಗುತ್ತದೆ, ಅಲ್ಯುಮಿನಿಯಂ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಅಂತೂ ಅಲ್ಯುಮಿನಿಯಮ್ಮನ್ನು ಕರಗಿಸಿಯೇ ಬಿಡುತ್ತದೆ. ಹಿತ್ತಾಳೆ ಪಾಲಿಶ್ ಕೂಡ ಒಂದು ಬಗೆಯ ಅರವೇ, ಮೇಲಿನ ಪದರ ಕೆರೆದು ಹೊಳಪು ತರುತ್ತದೆ.

ಪಾದದ ಸುತ್ತಲಿನ ಬಿಳಿ ಪುಡಿಗೆ ಕಾರಣ ಎರಡು ಲೋಹಗಳು ಅಂಟಿಕೊಂಡಿರುವುದು. ಹಿತ್ತಾಳೆ ಮತ್ತು ಅಲ್ಯುಮಿನಿಯಂ ನಡುವೆ ತೇವ ಸೇರಿದರೆ ಅದು ಸಣ್ಣ ಬ್ಯಾಟರಿಯೇ ಆಗುತ್ತದೆ. ತಿಂದುಹೋಗುವುದು ಅಲ್ಯುಮಿನಿಯಂ. ನಮ್ಮ ಕಡೆ ಜೂನಿನಿಂದ ಗೋಡೆಯೇ ಬೆವರುತ್ತದೆ, ತೇವಕ್ಕೆ ಬರವೇ ಇಲ್ಲ. ರಿವೆಟ್ ಬಿಚ್ಚಿ ಪಾದ ತೆಗೆದು ತೊಳೆಯಬಹುದು, ಆದರೆ ಮೂಲ ರಿವೆಟ್ ಒಮ್ಮೆ ಹೋದರೆ ಹೋಯಿತು. ನಾನು ಬಿಚ್ಚಲಿಲ್ಲ. ಬಿದಿರು ಕಡ್ಡಿ, ಸೀಮೆಎಣ್ಣೆ, ಒಣಬಟ್ಟೆ. ಚೆನ್ನಾಗಿ ಒಣಗಿದ ಮೇಲೆ ಸಂದಿಗೆ ತೆಳು ಎಣ್ಣೆ ಇಳಿಸಿ, ಹೆಚ್ಚಾದದ್ದನ್ನು ಒರೆಸಿ, ಅಂಚಿಗೆ ಮೇಣ ಹಚ್ಚಿದೆ.

ಪಾದದ ಎರಡೂ ತುದಿಗಳನ್ನು ಹಿಂದಿನ ಯಾರೋ ಅರದಲ್ಲಿ ಉಜ್ಜಿ ತೆಳು ಮಾಡಿದ್ದಾರೆ. ಅವರ ಕೋಲಿನ ಬಳೆಗೆ ಅದು ಕೂತಿರಲಿಲ್ಲ ಅಂತ ಕಾಣುತ್ತದೆ. ಇಂಥದ್ದಕ್ಕೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ. ಇಳಿಸಲಿ. ಇದು ಬಳಕೆಯಾದ ರೀಲು ಅನ್ನುವುದಕ್ಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ? ಬ್ರೇಜ್ ಮಾಡಿ ತುಂಬಿಸುತ್ತೇವೆ ಅನ್ನುವವರಿದ್ದಾರೆ. ಆ ಕಾವಿಗೆ ಸುತ್ತಲಿನ ಫಿನಿಶ್ ಸುಟ್ಟುಹೋಗುತ್ತದೆ.

ಹಿಡಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ನಮ್ಮ ದೇಶದಲ್ಲಿ ಇದು ಕಾನೂನಿನ ಪ್ರಶ್ನೆಯೂ ಹೌದು. ತೀರ ಹಳೇ ರೀಲುಗಳ ಹಿಡಿ ನಿಜವಾದ ಆನೆದಂತದ್ದು ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಂತದ ವ್ಯಾಪಾರ ಮಾಡುವಂತಿಲ್ಲ. ರೀಲು ಎಷ್ಟೇ ಚೆನ್ನಾಗಿರಲಿ, ಹಿಡಿ ದಂತದ್ದಾದರೆ ಕೊಳ್ಳಲು ಹೋಗಬೇಡಿ. ಆಮೇಲೆ ಬಂದವಕ್ಕೆ ಐವರೀನ್ ಅನ್ನುವ, ಸೆಲ್ಯುಲಾಯ್ಡ್ ಪ್ಲಾಸ್ಟಿಕ್ಕಿನ ಕೃತಕ ದಂತ ಹಾಕಿದರು. ನೋಡಲು ಹೆಚ್ಚುಕಡಿಮೆ ಒಂದೇ. ಭೂತಗನ್ನಡಿ ಹಿಡಿದು ಅಡ್ಡ ಕೊಯ್ದ ತುದಿ ನೋಡಿ. ನಿಜವಾದ ದಂತದಲ್ಲಿ ಗೆರೆಗಳು ಒಂದನ್ನೊಂದು ದಾಟಿ ಬಲೆಯಾಗಿರುತ್ತವೆ. ಐವರೀನಿನಲ್ಲಿ ಗೆರೆ ಇದ್ದರೂ ಉದ್ದಕ್ಕೆ, ಒಂದೇ ಅಂತರದಲ್ಲಿ ಇರುತ್ತವೆ. ಇನ್ನೊಂದು ಉಪಾಯ, ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿ ಮೂಸುವುದು. ನನ್ನ ಮೇಜಿನ ಮೇಲಿನದು ಕರ್ಪೂರದ ವಾಸನೆ ಬಿಟ್ಟಿತು. ಸೆಲ್ಯುಲಾಯ್ಡ್ ಮಾಡುವಾಗ ಕರ್ಪೂರ ಸೇರಿಸುತ್ತಾರೆ, ಹಾಗಾಗಿ ಇದು ಐವರೀನ್. ಕಾಯಿಸಿದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಅಸಿಟೋನೂ ಬೇಡ, ಕರಗಿಬಿಡುತ್ತದೆ. ಬಿರುಕಿಗೆ ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಒಂದು ಹನಿ ಸೂಜಿಮೊನೆಯಿಂದ ಬಿಟ್ಟೆ. ಸಾಕಾಯಿತು.

ಬಾಗಿದ ಅಂಚನ್ನು ಸುತ್ತಿಗೆಯಲ್ಲಿ ಬಡಿದು ಸರಿಮಾಡುವ ಆಸೆ ಬರುತ್ತದೆ. ಹಳೇ ಮಿಶ್ರಲೋಹ ಬಿರುಕು ಬಿಡಬಹುದು. ಹಲಸಿನ ಮರದ ಎರಡು ತುಂಡುಗಳನ್ನು ಅಂಚಿನ ವಾಲಿಗೆ ಸರಿಯಾಗಿ ಕೆತ್ತಿ, ನಡುವೆ ಅಂಚು ಇಟ್ಟು, ವೈಸಿನಲ್ಲಿ ಕಾಲು ಕಾಲು ಸುತ್ತು ಬಿಗಿ ಮಾಡುತ್ತಾ ಹೋದೆ. ಬಿಗಿ ಮಾಡುವುದು, ಬಿಡುವುದು, ಸ್ಪೂಲು ಕೂರಿಸಿ ತಿರುಗಿಸಿ ನೋಡುವುದು. ಕಾಗದದ ಚೂರು ಸುತ್ತಲೂ ಸಲೀಸಾಗಿ ತೂರಿದ ಮೇಲೆ ನಿಲ್ಲಿಸಿದೆ. ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ಸಣ್ಣ ಅಲೆ ಈಗಲೂ ಕಾಣುತ್ತದೆ. ಇನ್ನೂ ಒತ್ತಿದರೆ ಲೋಹಕ್ಕೆ ಹಿಂಸೆ.

ಇನ್ನು ಚೆಕ್. ರೀಲಿನ ಜೀವ ಇರುವುದು ಇಲ್ಲಿ.

ಸ್ಪೂಲಿನ ಹಿಂಬದಿಗೆ ಒಂದು ಹಲ್ಲಿನ ಚಕ್ರ. ಫ್ರೇಮಿನ ಒಳಗೆ ಪಾಲ್ ಅನ್ನುವ ಪುಟ್ಟ ತ್ರಿಕೋನದ ತುಂಡು, ಒಂದು ಪಿನ್ನಿನ ಮೇಲೆ ಅತ್ತಿತ್ತ ಆಡುತ್ತದೆ. ಅದನ್ನು ಹಲ್ಲಿನ ಕಡೆಗೆ ಒತ್ತುವುದು ಇಂಗ್ಲಿಷಿನ ಸಿ ಅಕ್ಷರದ ಆಕಾರದ ಪಟ್ಟಿ ಸ್ಪ್ರಿಂಗು. ಸ್ಪೂಲು ತಿರುಗಿದಾಗ ಪಾಲಿನ ಮೊನೆ ಹಲ್ಲಿನಿಂದ ಹಲ್ಲಿಗೆ ಬೀಳುತ್ತದೆ. ಆ ಟಿಕ್ ಟಿಕ್ಕೇ ತಡೆ, ಅದೇ ದನಿ. ಮೀನು ಜೋರಾಗಿ ಓಡಿದರೆ ಟಿಕ್ಕುಗಳೆಲ್ಲ ಸೇರಿ ಉದ್ದನೆಯ ಕಿರ್ರ್ ಆಗುತ್ತದೆ. ಹಾರ್ಡಿ ರೀಲು ಇಟ್ಟವರು ಆ ದನಿ ಕೇಳಿಯೇ ಯಾವ ಮಾದರಿ ಅಂತ ಹೇಳುವುದುಂಟು. ಇಲ್ಲಿ ಸ್ಪ್ರಿಂಗ್ ಎರಡು ತುಂಡಾಗಿತ್ತು. ಪಾಲಿನ ಮೊನೆ ಒಂದು ಮಗ್ಗುಲಿಗೆ ಸವೆದು ಮೊಂಡಾಗಿತ್ತು. ಹಲ್ಲಿನ ಚಕ್ರಕ್ಕೆ ಮಾತ್ರ ಏನೂ ಆಗಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ, ಯಾಕಂದರೆ ಅದನ್ನು ಮತ್ತೆ ಮಾಡುವುದು ಬಲು ಕಷ್ಟ.

ಚೆಕ್ ಹಿಡಿದಿರುವ ಸ್ಕ್ರೂ ಬಿಚ್ಚಲು ಅಂಗಡಿಯ ಸ್ಕ್ರೂಡ್ರೈವರ್ ನಡೆಯುವುದಿಲ್ಲ. ಸೀಳು ಬಹಳ ಕಿರಿದು, ಗೋಡೆ ನೆಟ್ಟಗೆ. ನಮ್ಮ ಡ್ರೈವರಿನ ಮೊನೆ ಬೆಣೆಯಾಗಿ ಇಳಿಜಾರು ಇರುತ್ತದೆ, ಒತ್ತಿದರೆ ಮೇಲಕ್ಕೆ ಜಾರಿ ಸೀಳಿನ ತುಟಿ ಹರಿಯುತ್ತದೆ. ಒಂದು ಹಳೇ ಡ್ರೈವರನ್ನು ಕಲ್ಲಿನ ಚಕ್ರಕ್ಕೆ ಹಿಡಿದು, ಸೀಳಿನ ಅಗಲ ಮತ್ತು ದಪ್ಪಕ್ಕೆ ಸರಿಯಾಗಿ ಎರಡೂ ಮಗ್ಗುಲು ಸಮ ಮಾಡಿಕೊಂಡೆ. ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ ತಾಗಿಸಿ ಬಿಸಿ ಮಾಡಿ, ಒಂದು ಹನಿ ಎಣ್ಣೆ ಬಿಟ್ಟು, ತಣ್ಣಗಾದ ಮೇಲೆ ತಿರುಗಿಸಿದೆ. ಸದ್ದಿಲ್ಲದೆ ಬಂತು.

ಹೊಸ ಪಾಲಿಗೆ ಗಟ್ಟಿ ಉಕ್ಕು ಬಳಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪಾಲ್ ಹಲ್ಲಿಗಿಂತ ಮೆತ್ತಗಿರಬೇಕು. ಸವೆಯಬೇಕಾದ್ದು ಅದು. ಸವೆದರೆ ಇನ್ನೊಂದು ಮಾಡಿಕೊಳ್ಳಬಹುದು. ಸಾದಾ ಮೈಲ್ಡ್ ಸ್ಟೀಲ್ ಪಟ್ಟಿ ತೆಗೆದುಕೊಂಡೆ. ಸವೆದ ಪಾಲಿಟ್ಟು ಗೆರೆ ಎಳೆದರೆ ಸವೆತವೂ ಹೊಸದಕ್ಕೆ ಬರುತ್ತದೆ. ಅದಕ್ಕೆ ಹಳೆಯದರ ಚೆನ್ನಾಗಿರುವ ಅರ್ಧವನ್ನಷ್ಟೇ ಕಾಗದದ ಮೇಲೆ ಬರೆದು, ನಡುಗೆರೆಗೆ ಮಡಚಿ ಕತ್ತರಿಸಿದೆ. ಬಿಡಿಸಿದಾಗ ಎರಡೂ ಮಗ್ಗುಲು ಸಮ. ಕಾಗದವನ್ನು ಪಟ್ಟಿಗೆ ಅಂಟಿಸಿ ಮೊದಲು ಪಿನ್ನಿನ ತೂತು ಹಾಕಿದೆ. ಪಟ್ಟಿ ದೊಡ್ಡದಿರುವಾಗಲೇ ತೂತು ಹಾಕಬೇಕು, ಉಗುರಿನಷ್ಟು ತುಂಡಾದ ಮೇಲೆ ಹಿಡಿಯಲು ಜಾಗ ಇರುವುದಿಲ್ಲ. ತೂತಿನಲ್ಲಿ ಪಿನ್ನು ಸಲೀಸಾಗಿ ತಿರುಗಬೇಕು, ಅಲ್ಲಾಡಬಾರದು. ಆಮೇಲೆ ಸಣ್ಣ ಅರದಲ್ಲಿ ಆಕಾರ. ಮೊನೆ ಎರಡು ಹಲ್ಲುಗಳ ನಡುವೆ ಚೆನ್ನಾಗಿ ಇಳಿಯಬೇಕು, ಬುಡಕ್ಕೆ ತಾಗಬಾರದು. ತಾಗಿದರೆ ದನಿ ಗಂಟಲು ಕಟ್ಟಿದ ಹಾಗಾಗುತ್ತದೆ. ಮೊನೆಯ ಎರಡೂ ಇಳಿಜಾರನ್ನು ಸಾವಿರ ನಂಬರಿನ ಎಮರಿ ಪೇಪರಿನಲ್ಲಿ ಕನ್ನಡಿ ಮಾಡಿದೆ. ಇಡೀ ರೀಲಿನಲ್ಲಿ ನಾನು ಹೊಳಪು ಕೊಟ್ಟಿದ್ದು ಇದಕ್ಕೆ ಮತ್ತು ಸ್ಪ್ರಿಂಗಿಗೆ ಮಾತ್ರ.

ಸ್ಪ್ರಿಂಗಿಗೆ ಬೇಕಾದ ಪಟ್ಟಿಯನ್ನು ಮಾರ್ಕೆಟ್ ರಸ್ತೆಯ ವಾಚ್ ರಿಪೇರಿಯವರು ಕೊಟ್ಟರು. ಕೀ ಕೊಡುವ ಅಲಾರಂ ಗಡಿಯಾರದ ಮೇನ್ ಸ್ಪ್ರಿಂಗ್. ಹಾಗೇ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಮೊದಲು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುದುಗಿಸಿ ನಿಧಾನ ಆರಲು ಬಿಡಬೇಕು. ಆಗ ಮೆತ್ತಗಾಗುತ್ತದೆ. ಕತ್ತರಿಸಿ, ಅಗಲವನ್ನು ಅರದಲ್ಲಿ ಇಳಿಸಿ, ಅಂಚಿನ ಗೀರುಗಳನ್ನು ಉದ್ದಕ್ಕೆ ಉಜ್ಜಿ ತೆಗೆದೆ. ಅಡ್ಡ ಗೀರು ಉಳಿದರೆ ಮುರಿಯುವುದು ಅಲ್ಲಿಂದಲೇ. ಬೇಕಾದ ಸುತ್ತಿಗಿಂತ ಸಣ್ಣ ಕಂಬಿಗೆ ಸುತ್ತಿ ಬಾಗಿಸಿದೆ, ಬಿಟ್ಟಾಗ ಸ್ವಲ್ಪ ಅಗಲವಾಗುತ್ತದೆ.

ಹದ ಹಾಕುವ ಕೆಲಸಕ್ಕೆ ನಾನು ಯಾವಾಗಲೂ ಹೋಗುವುದು ಒಬ್ಬ ಚಿನ್ನದ ಕೆಲಸದ ಆಚಾರ್ರ ಹತ್ತಿರ. ನನ್ನ ಗ್ಯಾಸ್ ಟಾರ್ಚಿನ ಉರಿ ಇಂಥ ತೆಳು ಪಟ್ಟಿಗೆ ಒರಟಾಯಿತು. ಅವರ ಊದುಗೊಳವೆಯ ಉರಿ ಬೇಕಾದಲ್ಲಿ ಬೇಕಾದಷ್ಟೇ ಹೋಗುತ್ತದೆ. ಚಿಮಟದಲ್ಲಿ ಹಿಡಿದು ಕೆಂಪಗೆ ಕಾಯಿಸಿದರು. ಅಯಸ್ಕಾಂತ ಹತ್ತಿರ ತಂದೆ, ಎಳೆಯಲಿಲ್ಲ. ಸರಿಯಾದ ಕಾವಿಗೆ ಬಂದ ಉಕ್ಕನ್ನು ಅಯಸ್ಕಾಂತ ಎಳೆಯುವುದಿಲ್ಲ. ಇನ್ನೊಂದು ಚೂರು ಕಾಯಿಸಿ ಎಣ್ಣೆಗೆ ಬಿಟ್ಟರು. ಚುಂಯ್ ಅಂತು. ಈಗ ಅದು ಗಾಜು. ಅರ ಇಟ್ಟರೆ ಜಾರುತ್ತದೆ, ಬಾಗಿಸಿದರೆ ಸಿಡಿಯುತ್ತದೆ. ಅದನ್ನು ಇಳಿಸಬೇಕು.

ಕಬ್ಬಿಣದ ಸೌಟಿನಲ್ಲಿ ಹಿತ್ತಾಳೆ ಅರಪುಡಿ ಹರಡಿ, ಬೆಳ್ಳಗೆ ಉಜ್ಜಿದ ಸ್ಪ್ರಿಂಗನ್ನು ಅದರ ಮೇಲೆ ಮಲಗಿಸಿ, ಕೆಳಗಿನಿಂದ ಸಣ್ಣ ಉರಿ ಕೊಟ್ಟರು. ಪುಡಿಯಿಂದ ಕಾವು ಎಲ್ಲ ಕಡೆ ಸಮನಾಗಿ ಏರುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತೆಳು ಹಳದಿ ಬಂತು. ಹಳದಿ ಕಂದಾಯಿತು, ಕಂದಿನೊಳಗೆ ನೇರಳೆ ಹರಿಯಿತು. ತುದಿ ಮೊದಲು, ನಡು ಆಮೇಲೆ. ಆಚಾರ್ರು ಮಾತು ನಿಲ್ಲಿಸಿ ಕಡ್ಡಿಯಿಂದ ಅದನ್ನು ಮಗ್ಗುಲು ಬದಲಿಸುತ್ತಿದ್ದರು. "ನೋಡಿ ಸ್ವಾಮಿ, ನೀಲಿ ಬರ್ತಾ ಇದೆ. ಇದು ದಾಟಿದ್ರೆ ಕೆಲಸ ಕೆಟ್ಟಿತು." ಪೂರ್ತಿ ನೀಲಿ ತಿರುಗಿದ ಕ್ಷಣವೇ ಎತ್ತಿ ಎಣ್ಣೆಗೆ ಹಾಕಿದರು. ಆ ನೀಲಿ ಅಂದರೆ ಸುಮಾರು 300 ಡಿಗ್ರಿ. ಥರ್ಮಾಮೀಟರು ಇಲ್ಲದೆ ಕಣ್ಣಲ್ಲೇ ಅಳೆಯುವ ಲೆಕ್ಕ. ಗಡಿಯಾರದ ಸ್ಪ್ರಿಂಗಿಗೂ, ಆನಿಕ್ಕಿನ ಬಂದೂಕು ಕೆಲಸದವರ ಸ್ಪ್ರಿಂಗಿಗೂ ಇದೇ ನೀಲಿ. ದುಡ್ಡು ಕೊಡಲು ಹೋದರೆ ಆಚಾರ್ರು ತೆಗೆದುಕೊಳ್ಳಲಿಲ್ಲ. "ತಿರುಗಿದ್ ಮೇಲೆ ತಂದು ಕೇಳ್ಸಿ, ಸಾಕು" ಅಂದರು.

ದಪ್ಪ ಪಟ್ಟಿ ಹಾಕಿದ್ದರೆ ಸದ್ದು ಜೋರಾಗುತ್ತಿತ್ತು. ಜೋರು ಬೇಕು ಅಂತ ಎಷ್ಟೋ ಜನ ಹಾಗೆ ಮಾಡುತ್ತಾರೆ. ಆದರೆ ಬಿಗಿ ಸ್ಪ್ರಿಂಗ್ ಹಲ್ಲಿನ ಚಕ್ರವನ್ನು ತಿನ್ನುತ್ತದೆ. ಮುರಿದ ಸ್ಪ್ರಿಂಗಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ನೋಡಿ, ಅದಕ್ಕಿಂತ ಒಂದು ಎಳೆ ತೆಳ್ಳಗೇ ಇಟ್ಟಿದ್ದೆ.

ಜೋಡಿಸುವುದು ಬೇಗ ಮುಗಿಯಿತು. ಕಡ್ಡಿಗೆ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ, ಪಾಲಿನ ಮೊನೆಗೆ ಅಕ್ಕಿಕಾಳಿನಷ್ಟು ಗ್ರೀಸು. ಸ್ಪೂಲು ಒತ್ತಿದಾಗ ಲ್ಯಾಚ್ ಟಕ್ಕೆಂದು ಕೂತಿತು. ಹಿಡಿ ತಿರುಗಿಸಿದೆ. ಸುತ್ತುವಾಗ ಮೃದುವಾದ ದನಿ, ದಾರ ಎಳೆಯುವ ದಿಕ್ಕಿಗೆ ಸ್ವಲ್ಪ ಗಡಸು. ಎಲ್ಲೂ ತಪ್ಪುವುದಿಲ್ಲ, ಎಲ್ಲೂ ಹಾರುವುದಿಲ್ಲ. ಅವತ್ತು ಸಂಜೆಯೇ ತೆಗೆದುಕೊಂಡು ಹೋಗಿ ಆಚಾರ್ರಿಗೆ ಕೇಳಿಸಿದೆ. ಕಿವಿಗೆ ಹಿಡಿದು ಎರಡೂ ದಿಕ್ಕಿಗೆ ತಿರುಗಿಸಿ, "ಹದ ಕೂತಿದೆ" ಅಂದರು.

ಮೈಗೆ ಜೇನುಮೇಣ ಮತ್ತು ಟರ್ಪೆಂಟೈನ್ ಬೆರೆಸಿದ್ದನ್ನು ತೆಳುವಾಗಿ ಹಚ್ಚಿ ಒರೆಸಿದೆ, ಹಿಡಿಯನ್ನು ಬಿಟ್ಟು. ಹೊಳಪಿಗಲ್ಲ, ತೇವ ತಾಗದಿರಲಿ ಅಂತ. ಹಳೇ ಚರ್ಮದ ಪೆಟ್ಟಿಗೆ ಇದ್ದರೂ ರೀಲನ್ನು ಅದರೊಳಗೆ ಇಡಬೇಡಿ. ಮಳೆಗಾಲದಲ್ಲಿ ಚರ್ಮ ತೇವ ಹೀರುತ್ತದೆ, ಹದ ಮಾಡಿದ ಚರ್ಮದಲ್ಲಿರುವ ಹುಳಿ ಹಿತ್ತಾಳೆಗೆ ಕಿಲುಬು ತರುತ್ತದೆ. ಹತ್ತಿ ಚೀಲ, ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಜೆಲ್ಲಿನ ಬಣ್ಣ ತಿರುಗಿದರೆ ಒಲೆಯ ಸಣ್ಣ ಕಾವಿನಲ್ಲಿ ಒಣಗಿಸಿ ಮತ್ತೆ ಇಡಿ.

ರೇಷ್ಮೆ ದಾರ ಹೊಸದು ಹಾಕುವ ಮನಸ್ಸಿತ್ತು. ಬೆಲೆ ಜಾಸ್ತಿ, ಬಂಗಲೆಯಲ್ಲಿ ಒಣಗಿಸುವವರೂ ಇಲ್ಲ. ಈಗಿನ ಪ್ಲಾಸ್ಟಿಕ್ ಮೈಯ ಐದನೇ ನಂಬರಿನ ದಾರ ಸುತ್ತಿದೆ. ಅದೇ ತೂಕಕ್ಕೆ ಇದು ರೇಷ್ಮೆಗಿಂತ ದಪ್ಪ, ಹಾಗಾಗಿ ಅಡಿಯಲ್ಲಿ ಸುತ್ತುವ ಹುರಿ ಕಡಿಮೆ ಮಾಡಬೇಕಾಯಿತು.

ಡಬ್ಬಿಯೊಳಗೆ ಒಂದು ಚೀಟಿ ಬರೆದಿಟ್ಟಿದ್ದೇನೆ. ಪಾಲ್ ಹೊಸದು, ಮೈಲ್ಡ್ ಸ್ಟೀಲ್. ಸ್ಪ್ರಿಂಗ್ ಹೊಸದು, ಗಡಿಯಾರದ ಪಟ್ಟಿ. ಹಿಡಿ ಐವರೀನ್, ಬಿರುಕಿಗೆ ಅಂಟು. ಅಂಚು ಒತ್ತಿ ಸರಿಮಾಡಿದೆ. ಮಿಕ್ಕಿದ್ದೆಲ್ಲ ಮೂಲದ್ದು. ಹಳೇ ಪಾಲ್, ಮುರಿದ ಸ್ಪ್ರಿಂಗು, ರೇಷ್ಮೆ ದಾರದ ತುಂಡು ಕವರಿನಲ್ಲಿ ಜೊತೆಗೇ ಇವೆ. ಮುಂದೆ ಇದನ್ನು ಬಿಚ್ಚುವವರಿಗೆ ಯಾವುದು ಆನಿಕ್ಕಿನದ್ದು, ಯಾವುದು ಚಿಕ್ಕಮಗಳೂರಿನದ್ದು ಅಂತ ತಿಳಿಯಬೇಕು. ಹೊಸ ಭಾಗವನ್ನು ಹಳೆಯದು ಅಂತ ದಾಟಿಸುವುದು ಈ ಹವ್ಯಾಸದಲ್ಲಿ ದೊಡ್ಡ ಅನ್ಯಾಯ.

ಗೌಡ್ರು ಬಂದು ನೋಡಿದರು. ಮೊದಲು ಮುಖ ಸಪ್ಪಗಾಯಿತು, ಹೊಳಪು ಇಲ್ಲವಲ್ಲ. ದಾರದ ತುದಿ ಅವರ ಕೈಗೆ ಕೊಟ್ಟು ಎಳೆಯಲು ಹೇಳಿದೆ. ಎಳೆದರು. ಇನ್ನೊಂದು ಸಲ ಎಳೆದರು. ಸವೆದ ಅಂಚಿಗೆ ಅಂಗೈ ಹೇಗೆ ಕೂರುತ್ತದೆ ಅಂತ ತೋರಿಸಿದೆ. "ಹಿಂಗೇ ಇರ್ಲಿ ಬಿಡಿ" ಅಂದರು.

ಒಂದು ಕೆಲಸ ಬಾಕಿ ಇದೆ. ಲ್ಯಾಚಿನ ಬಿಗಿ ಸ್ವಲ್ಪ ಕಡಿಮೆಯಾಗಿದೆ. ಈಗ ಹಿಡಿಯುತ್ತದೆ, ಆದರೆ ಕೋಲಿಗೆ ಕಟ್ಟಿ ಜೋರಾಗಿ ಬೀಸಿದರೆ ನನಗೆ ಪೂರ್ತಿ ನಂಬಿಕೆ ಇಲ್ಲ. ಕಾಫಿ ಕೊಯ್ಲು ಮುಗಿದು ಪಲ್ಪರ್‌ಗಳ ಕೆಲಸ ತಗ್ಗಿದ ಮೇಲೆ ರೀಲನ್ನು ಮತ್ತೆ ತರಿಸಿಕೊಂಡು ಅದನ್ನು ನೋಡುತ್ತೇನೆ. ಅಲ್ಲಿಯವರೆಗೆ ದಾರ ಎಳೆದು ಕೇಳಬಹುದು, ಬೀಸುವುದು ಬೇಡ ಅಂತ ಗೌಡ್ರಿಗೆ ಹೇಳಿ ಕಳಿಸಿದ್ದೇನೆ.